ಒಸಿ ತಡಿ

ನೂರಡಿ ರಸ್ತೆಯಲ್ಲಿ ಕಬ್ಬಿನ ಲಾರಿಯಿಂದ ಬಿದ್ದ ಜಲ್ಲೆ
ನನ್ನ ಆಟೋದ ಹಿಂದಿನ ಚಕ್ರಕ್ಕೆ ಸಿಕ್ಕಿ
ಲಟಕ್ ಅಂತು.
ಜಲ್ಲೆಯೇ ಅಂತ ಕಣ್ಣಿಗೆ ಗೊತ್ತು.
ಎದೆಗೆ ಮಾತ್ರ ಮೂಳೆ.

ತಿರುಗಿಸಿದೆ. ಇಳಿದೆ. ಬಗ್ಗಿ ನೋಡಿದೆ.
ಬೆರಳಿಗೆ ಹತ್ತಿದ್ದನ್ನು ಮೂಸಿದೆ. ಸಿಹಿ.
ಮತ್ತೆ ಹೊರಟು ಹೊಸಹಳ್ಳಿ ಸರ್ಕಲ್ ದಾಟುವಷ್ಟರಲ್ಲಿ
ಎದೆ ಕೇಳಿತು: ಚರಂಡಿಗೆ ಉರುಳಿದ್ದರೆ?
ಮತ್ತೆ ತಿರುಗಿಸಿದೆ.
ಹಿಂದೆ ಕೂತ ಅಜ್ಜಿ, ಮಡಿಲಲ್ಲಿ ಸೊಪ್ಪಿನ ಕಟ್ಟು,
"ಏನ್ಲಾ ಮಗ, ಪ್ರದಕ್ಷಿಣೆ ಆಕುಸ್ತಿದ್ದೀಯಾ?" ಅಂದಳು.

ಹಿಂಗೇ ಎರಡು ವರ್ಷ.
ಗುಂಡಿ ಬಂದರೆ ಮಗು, ಉಬ್ಬು ಬಂದರೆ ಮುದುಕ,
ಯಾರೋ ಎಸೆದ ಗೋಣಿಚೀಲ ಬಂದರೆ... ಬೇಡ ಬಿಡಿ.
ಬೆಳಗ್ಗೆ ಪೇಪರಿನಲ್ಲಿ
'ಅಪರಿಚಿತ ವಾಹನ ಡಿಕ್ಕಿ' ಅಂತಿದ್ದರೆ
ಆ ಅಪರಿಚಿತ ನಾನೇ.
ಠಾಣೆಗೂ ಹೋಗಿದ್ದೆ, ಎರಡು ಸಲ,
ಸಾರ್, ಈ ಕಡೆ ಯಾರಾದ್ರೂ ಸತ್ತವ್ರಾ ಅಂತ.
ಎರಡನೇ ಸಲ ಹೆಡ್ ಕಾನ್‌ಸ್ಟೇಬಲ್ ಟೀ ಕೊಡಿಸಿದ.
ದುಡಿದದ್ದರಲ್ಲಿ ಅರ್ಧ ಗ್ಯಾಸು
ಹಿಂದಕ್ಕೆ ಹೋಗುವುದಕ್ಕೇ ಖರ್ಚು.

ಮಂಗಳಗೌರಿ ತಾಯತ ಕಟ್ಟಿಸಿದಳು.
ಪೂಜಾರಿ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸು ಅಂದ.
ಹತ್ತಿಸಿದೆ.
ನಿಂಬೆಹಣ್ಣನ್ನೂ ಇಳಿದು ನೋಡಿದೆ.
ಅಷ್ಟು ದಿನ ನಗುತ್ತಿದ್ದವಳು ಆವತ್ತು ನಗಲಿಲ್ಲ.
ಮಾರನೆ ಬೆಳಗ್ಗೆ ಒಗೆದ ಸೀರೆ ಉಟ್ಟು
ಹಿಂದಿನ ಸೀಟಿನಲ್ಲಿ ಕೂತಿದ್ದಳು, ಬಾಡಿಗೆಯವರ ಥರ.
"ದೊಡ್ಡಾಸ್ಪತ್ರೆಗೆ ಬುಡು. ಎಷ್ಟಾಯ್ತದೆ ಯೋಳು."

ಮನೋರೋಗ ವಿಭಾಗದ ಬೋರ್ಡಿನ ಕೆಳಗೆ ಬೆಂಚು.
ಕರವಸ್ತ್ರದಲ್ಲಿ ಮುಖ ಒರೆಸುತ್ತಲೇ ಇದ್ದೆ,
ಬೆವರೇನೂ ಇರಲಿಲ್ಲ.
ಡಾಕ್ಟರ ಮುಂದೆ ಒಂದೇ ಮಾತು:
ನಾನು ಯಾರನ್ನೂ ಕೊಂದಿಲ್ಲ ಅಂತ ಬರಕೊಡಿ.
ಅವರು ಬರೆದದ್ದು ಮಾತ್ರೆ.
ಕಾಯಿಲೆಗೆ ಹೆಸರೂ ಇತ್ತು, ಓಸೀಡಿ.
ನನ್ನ ಮಂಡ್ಯದ ಕಿವಿಗೆ ಬಿದ್ದದ್ದು: ಒಸಿ ತಡಿ.

ಪಕ್ಕದ ಕೊಠಡಿಯ ಝರೀನಾ ಮೇಡಮ್ಮು ಇದನ್ನು ಕೇಳಿ
ಪೆನ್ನು ಕೆಳಗಿಟ್ಟು ನಕ್ಕರು, ಕಣ್ಣೊರೆಸಿಕೊಂಡರು.
"ಅದು ಕಾಯಿಲೆಯ ಹೆಸರಲ್ಲ ವೈರಮುಡಿ,
ನಾನು ಮಾಡೋ ಚಿಕಿತ್ಸೆಯ ಹೆಸರು."

ಮಂಗಳವಾರ ಮಂಗಳವಾರ ಹೋದೆ.
ಭಯಕ್ಕೆ ನೂರಕ್ಕೆ ಇಷ್ಟು ಅಂತ ಅಂಕ ಹಾಕಿಸಿದರು.
ಗುಂಡಿಗೆ ನಲವತ್ತು, ಉಬ್ಬಿಗೆ ಐವತ್ತೈದು,
ಮುಚ್ಚಂಜೆಯ ಸ್ಕೂಲ್ ರಸ್ತೆಗೆ ತೊಂಬತ್ತು.
ಎಸ್ಸೆಸ್ಸೆಲ್ಸಿಯಲ್ಲಿ ನನಗೇ ಅಷ್ಟು ಬಿದ್ದಿರಲಿಲ್ಲ.
ನೀನು ಗುದ್ದಿಲ್ಲ ಅಂತ ಒಂದ್ಸಲ ಹೇಳ್ಬುಡಿ ಮೇಡಮ್, ಅಂದೆ.
"ಹೇಳಲ್ಲ" ಅಂದರು.
ಅಷ್ಟು ಮೆತ್ತಗೆ ಯಾರೂ ನನಗೆ
ಇಲ್ಲ ಅಂದಿರಲಿಲ್ಲ.

ಹತ್ತನೇ ವಾರ ಅವರೇ ಆಟೋ ಹತ್ತಿದರು.
"ಮೀಟರ್ ಹಾಕಿ."
ಹನಕೆರೆ ಕಡೆ ಹೊರಟೆವು. ಮುಂದೆ ಕಬ್ಬಿನ ಲಾರಿ.
ಲಟಕ್.
ಕೈ ತಾನಾಗಿ ಹ್ಯಾಂಡಲ್ ಎಳೆಯಿತು.
ಬೆನ್ನ ಹಿಂದೆ ಒಂದು ಮಾತೂ ಇಲ್ಲ,
ಬಳೆಯ ಸದ್ದೂ ಇಲ್ಲ.
ಬಾಯಿ ಒಣಗಿತು. ಅಂಗಿ ಬೆನ್ನಿಗೆ ಅಂಟಿತು.
ಹಿಂದೆ ರಸ್ತೆಯಲ್ಲಿ ಒಬ್ಬ ಸಾಯುತ್ತಿದ್ದಾನೆ, ನಾನು ಹೋಗುತ್ತಿದ್ದೇನೆ,
ಸಾಯುತ್ತಿದ್ದಾನೆ, ಹೋಗುತ್ತಿದ್ದೇನೆ,
ಅಷ್ಟರಲ್ಲಿ ರೈಲ್ವೆ ಗೇಟು ಬಿತ್ತು.

ಎಂಜಿನ್ ಆರಿಸಿದೆ.
"ಈಗ ಎಷ್ಟು?"
"ತೊಂಬತ್ತೈದು."
ಸೈಕಲ್ಲಿನವನೊಬ್ಬ ಬಗ್ಗಿ ಗೇಟು ನುಸುಳಿ ಹೋದ.
ಕಡಲೆಕಾಯಿ ಮಾರುವವಳು ಬಂದಳು, ಮೇಡಮ್ಮು ಎರಡು ಪೊಟ್ಟಣ ತಗೊಂಡರು.
"ಈಗ?"
ಮೈಸೂರಿನ ರೈಲು ಬಂತು. ಡಬ್ಬಿ ಎಣಿಸಲಿಲ್ಲ.
ಅದರ ಗಾಳಿ ಮುಖಕ್ಕೆ ಬಡಿದು ಹೋಯಿತು.
"ಎಪ್ಪತ್ತು... ಅರವತ್ತೈದು ಇರ್ಬೌದು."
ಗೇಟು ಎತ್ತಿದರು. ಹಿಂದಿನವರು ಹಾರ್ನು ಹೊಡೆದರು.
ನಾನು ಕಡಲೆಕಾಯಿ ಸುಲಿಯುತ್ತಿದ್ದೆ.

ಸುಳ್ಳು ಯಾಕೆ, ನಿನ್ನೆ ಒಮ್ಮೆ ಹಿಂದಕ್ಕೆ ಹೋದೆ.
ಒಮ್ಮೆ.

ರಾತ್ರಿ ಆಟೋ ನಿಲ್ಲಿಸಿದ ಮೇಲೆ
ಹಿಂದಿನ ಚಕ್ರಕ್ಕೆ ಇರುವೆ ಸಾಲು ಹತ್ತುತ್ತದಂತೆ.
ಮಂಗಳಗೌರಿ ಟಾರ್ಚ್ ಹಿಡಿದು ಕರೆಯುತ್ತಾಳೆ,
"ಬಾ ಇಲ್ಲಿ, ಕಬ್ಬಿನ ಆಲೇ ಕನಾ, ನೋಡು ಬಾ."
ತಟ್ಟೆಯ ಮುಂದೆ ಕೂತವನು ಏಳುವುದಿಲ್ಲ.
ಆರ್ಸು ಅದನ್ನ, ಅನ್ನುತ್ತೇನೆ,
ಸಾರು ಬಿಡು.